ಗುಡ್ಡದ ಮೇಲಿನ ಹಳೇ ಕಾಲುದಾರಿ ಪೊದೆಯಲ್ಲಿ ಮುಚ್ಚಿಹೋಗಿದೆ, ಹುಡುಕುವುದು ಹೇಗೆ?

ಮುಂಜಾವು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಕಡಲ ಪಕ್ಕದ ಒಂದು ಸಣ್ಣ ಹಳ್ಳಿಗೆ ಬಂದು ಹನ್ನೆರಡು ದಿನ ಆಯಿತು. ಇನ್ನೂ ಒಂಬತ್ತು ದಿನ ಇರುತ್ತೇನೆ. ಊರಿನ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ಇಲ್ಲಿಗೆ ನೋಡಲು ಅಂತ ಯಾರೂ ಬರುವುದಿಲ್ಲ. ನಲವತ್ತು ಮನೆ ಇರಬಹುದು, ಮರಳ ಮೇಲೆ ಎಳೆದಿಟ್ಟ ಏಳೆಂಟು ದೋಣಿ, ಬಲೆ ಒಣಗಿಸುವ ಬಯಲು. ಕತ್ತಲಾದ ಮೇಲೆ ಅಲೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ನನಗೆ ಇದೇ ಬೇಕಿತ್ತು.

ದಿನಾ ಬೆಳಿಗ್ಗೆ ನಡೆಯುತ್ತೇನೆ. ಮೊದಲ ಮೂರು ದಿನ ಮರಳ ದಂಡೆಯಲ್ಲೇ ಅಡ್ಡಾಡಿದೆ. ನಾಲ್ಕನೇ ದಿನ ಕೊನೆಯ ಮನೆಯ ಹಿತ್ತಿಲ ಹಿಂದೆ ಎರಡು ಕಲ್ಲಿನ ಮೆಟ್ಟಿಲು ಕಣ್ಣಿಗೆ ಬಿದ್ದವು. ಎರಡೂ ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿವೆ. ರಾತ್ರಿ ಬಿದ್ದ ಇಬ್ಬನಿ ಆ ತಗ್ಗಿನಲ್ಲಿ ನಿಂತಿತ್ತು, ಒಂದು ಇರುವೆ ಅದರ ಅಂಚಿನಲ್ಲಿ ನೀರು ಕುಡಿಯುತ್ತಿತ್ತು. ಕಲ್ಲು ಅಷ್ಟು ಸವೆಯಬೇಕಾದರೆ ಎಷ್ಟು ಕಾಲು ಅದರ ಮೇಲೆ ಹತ್ತಿಳಿದಿರಬೇಕು ಅಲ್ವಾ? ಅದನ್ನು ನೋಡಿದ ಮೇಲೆ ಸುಮ್ನೆ ವಾಪಸ್ ಬರಲು ಮನಸ್ಸಾಗಲಿಲ್ಲ.

ಮೆಟ್ಟಿಲು ಹತ್ತಿದರೆ ಇನ್ನೂರು ಹೆಜ್ಜೆ ದಾರಿ ಚೆನ್ನಾಗಿದೆ. ಆಮೇಲೆ ಒಂದು ದೊಡ್ಡ ಬಂಡೆ, ಅದರ ಹಿಂದೆ ಎದೆಮಟ್ಟದ ಮುಳ್ಳುಪೊದೆ. ಅಲ್ಲಿಗೆ ಮುಗಿಯಿತು. ಫೋನಿನ ನಕ್ಷೆಯಲ್ಲಿ ಮಾತ್ರ ಚುಕ್ಕೆ ಚುಕ್ಕೆ ಗೆರೆಯೊಂದು ಗುಡ್ಡ ದಾಟಿ ಆಚೆ ಕಡೆಯ ಪುಟ್ಟ ಮರಳ ದಂಡೆಗೆ ಇಳಿಯುತ್ತದೆ. ಎರಡು ಸಲ ನುಗ್ಗಿ ನೋಡಿದೆ. ಕೈ ಪರಚಿಕೊಂಡು ವಾಪಸ್ ಬಂದೆ. ಊರಿನಲ್ಲಿ ಮೂರು ಜನರನ್ನು ಕೇಳಿದೆ. ಮೂವರೂ "ಆ ಕಡೆ ದಾರಿ ಇಲ್ಲ" ಅಂದರು.

ನೀರು ಇಳಿದಾಗ ಗುಡ್ಡದ ಬುಡದ ಬಂಡೆಗಳು ಪೂರಾ ಮೇಲೆ ಬರುತ್ತವೆ. ಅವುಗಳ ಮೇಲೆ ಕಾಲಿಡುತ್ತಾ ಸುತ್ತು ಹಾಕಿದರೆ ಆಚೆ ದಂಡೆ ಸಿಗುತ್ತದೆ ಅನ್ನಿಸುತ್ತದೆ. ಹೆಚ್ಚೆಂದರೆ ಅರ್ಧ ಗಂಟೆ. ಹೀಗೆ ಹೋಗಬಹುದಾ? ಅಥವಾ ಮೇಲಿನ ದಾರಿಯನ್ನೇ ಹುಡುಕಬೇಕಾ? ಹುಡುಕುವುದಾದರೆ ಎಲ್ಲಿಂದ ಶುರು ಮಾಡಲಿ? ಒಂದು ಕತ್ತಿ ತೆಗೆದುಕೊಂಡು ಪೊದೆ ಸವರಿದರೆ ತಪ್ಪಾಗುತ್ತದಾ? ಇಂಥ ದಾರಿಗಳಲ್ಲಿ ನಡೆದು ಅನುಭವ ಇರುವವರು ದಯವಿಟ್ಟು ಹೇಳಿ.

ಉಪ್ಪುಗಾಳಿ

ಬಂಡೆ ಸುತ್ತುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಾನು ಹೀಗೇ ಸಿಕ್ಕಿಹಾಕಿಕೊಂಡವನು. ನೀರು ಚೆನ್ನಾಗಿ ಇಳಿದಿತ್ತು. ನಾನು, ನನ್ನ ಗೆಳೆಯ ಇಬ್ಬರೂ ಒಂದು ಗುಡ್ಡದ ಮೂಗನ್ನು ಸುತ್ತಿ ಆಚೆ ದಂಡೆಗೆ ಹೋದೆವು. ಅಲ್ಲಿ ಚಿಪ್ಪು ಆರಿಸುತ್ತಾ ಕೂತೆವು. ತಿರುಗಿ ಬರುವಾಗ ನಡುವಿನ ಒಂದು ಸೀಳಿನಲ್ಲಿ ಆಗಲೇ ಸೊಂಟದಷ್ಟು ನೀರು ತುಂಬಿತ್ತು. ಅದೂ ನಿಂತ ನೀರಲ್ಲ, ಪ್ರತಿ ಅಲೆಗೂ ಒಳಕ್ಕೆ ಎಳೆಯುವ ನೀರು. ಹಿಂದೆ ಕಡಿದಾದ ಗುಡ್ಡ, ಮುಂದೆ ಕಡಲು. ಒಂದು ಚಾಚುಗಲ್ಲಿನ ಮೇಲೆ ನಾಲ್ಕೂವರೆ ಗಂಟೆ ಮಂಡಿ ಮಡಚಿ ಕೂತಿದ್ದೆವು. ಆ ಕಲ್ಲಿಗೂ ನೀರು ಏರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆ ನಾಲ್ಕೂವರೆ ಗಂಟೆ ಇವತ್ತಿಗೂ ನನ್ನ ಕನಸಿನಲ್ಲಿ ಬರುತ್ತದೆ.

ನಾವು ತಿಳಿಯದೇ ಹೋದದ್ದು ಇದು. ಬಹಳಷ್ಟು ಕಡಲತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇಳಿತ ಮುಗಿದ ಮೇಲೆ ಆರು ಗಂಟೆ ಚಿಲ್ಲರೆ ನೀರು ಏರುತ್ತದೆ. ಆದರೆ ಒಂದೇ ವೇಗದಲ್ಲಿ ಏರುವುದಿಲ್ಲ. ಕಡಲಿನವರು ಹನ್ನೆರಡು ಪಾಲಿನ ಲೆಕ್ಕ ಇಟ್ಟುಕೊಂಡಿರುತ್ತಾರೆ. ಮೊದಲ ಗಂಟೆ ಒಂದು ಪಾಲು, ಎರಡನೇ ಗಂಟೆ ಎರಡು, ಮೂರು ಮತ್ತು ನಾಲ್ಕನೇ ಗಂಟೆ ತಲಾ ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಿಮ್ಮ ಕಡೆ ನೀರು ಒಟ್ಟು 2.4 ಮೀಟರ್ ಏರುತ್ತದೆ ಅಂತ ಇಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ಏರುವುದು 20 ಸೆಂಟಿಮೀಟರ್. "ಏನೂ ಆಗಿಲ್ಲ" ಅನ್ನಿಸುತ್ತದೆ. ಮೂರನೇ ಗಂಟೆಯಲ್ಲಿ 60, ನಾಲ್ಕನೇ ಗಂಟೆಯಲ್ಲಿ ಮತ್ತೆ 60. ನಾವು ಚಿಪ್ಪು ಆರಿಸುತ್ತಾ ಕಳೆದದ್ದು ಆ ಮೊದಲ ಎರಡು ಗಂಟೆ. ಇನ್ನೊಂದು ಮಾತು, ನೀರು ಎದುರಿನಿಂದಲೇ ಬರಬೇಕು ಅಂತಿಲ್ಲ. ತಗ್ಗು ಎಲ್ಲಿದೆಯೋ ಅಲ್ಲಿ ಮೊದಲು ತುಂಬುತ್ತದೆ. ಆ ತಗ್ಗು ನಿಮ್ಮ ಬೆನ್ನ ಹಿಂದೆ ಇದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ.

ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬಾ ಕೆಳಗೆ ಇಳಿಯುತ್ತದೆ, ಅಷ್ಟೇ ಮೇಲಕ್ಕೆ ಏರುತ್ತದೆ. ಹೊಸಬರು ಮೋಸ ಹೋಗುವುದು ಆ ದಿನಗಳಲ್ಲೇ. ಎಂದೂ ಕಾಣದ ಬಂಡೆಗಳೆಲ್ಲ ಮೇಲೆ ಬಂದು ದಾರಿ ಮಾಡಿಕೊಟ್ಟ ಹಾಗೆ ಕಾಣುತ್ತದೆ. ವಾಪಸ್ ಬರುವ ನೀರೂ ಅವತ್ತು ಜಾಸ್ತಿ, ಜೋರೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ.

ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ ಚಿಪ್ಪು ಆರಿಸಲು ಹೋದವರಲ್ಲಿ ಕನಿಷ್ಠ 21 ಜನ ಉಬ್ಬರಕ್ಕೆ ಸಿಕ್ಕಿ ಸತ್ತರು. ಅದೇ ಕೊಲ್ಲಿಯ ಮರಳನ್ನು ದಾಟಿಸಲು 16ನೇ ಶತಮಾನದಿಂದ ಒಬ್ಬ ನೇಮಕವಾದ ಮಾರ್ಗದರ್ಶಿ ಇದ್ದಾರೆ. ಸೆಡ್ರಿಕ್ ರಾಬಿನ್ಸನ್ ಅನ್ನುವವರು 1963ರಿಂದ 2019ರವರೆಗೆ ಆ ಕೆಲಸ ಮಾಡಿದರು. ಜನರನ್ನು ಕರೆದೊಯ್ಯುವ ಮುಂಚೆ ತಾವೇ ಹೋಗಿ ದಾರಿ ಪರೀಕ್ಷೆ ಮಾಡಿ, ಲಾರೆಲ್ ಗಿಡದ ಕೊಂಬೆಗಳನ್ನು ಮರಳಿಗೆ ನೆಟ್ಟು ಗುರುತು ಮಾಡುತ್ತಿದ್ದರು. ಅರ್ಧ ಶತಮಾನ ಅದೇ ಮರಳಿನಲ್ಲಿ ನಡೆದವರು! ಅವರೇ ನಿನ್ನೆಯ ದಾರಿಯನ್ನು ನಂಬುತ್ತಿರಲಿಲ್ಲ.

ನಾಳೆ ಆ ಬಂಡೆಗಳ ಹತ್ತಿರ ಹೋಗಿ ಸುಮ್ನೆ ನಿಂತು ನೋಡಿ. ಕಲ್ಲಿಗೆ ಅಂಟಿದ ಚೂಪಾದ ಸಣ್ಣ ಬಿಳಿ ಚಿಪ್ಪುಗಳು ಎಷ್ಟು ಎತ್ತರದವರೆಗೆ ಇವೆ? ಅಲ್ಲಿಯವರೆಗೂ ನೀರು ಬಂದು ಹೋಗುತ್ತದೆ. ಅವು ನೀರಿಲ್ಲದೆ ಬದುಕುವುದಿಲ್ಲ. ಆ ಗೆರೆ ನಿಮ್ಮ ತಲೆಗಿಂತ ಮೇಲಿದ್ದರೆ ಆ ಜಾಗದಲ್ಲಿ ನೀವು ಎಷ್ಟು ಹೊತ್ತು ನಿಲ್ಲಬಹುದು ಅಂತ ನೀವೇ ಲೆಕ್ಕ ಹಾಕಿ.

ನಕ್ಷೆಪೆಟ್ಟಿಗೆ

ಚುಕ್ಕೆ ಗೆರೆಯ ಬಗ್ಗೆ ಮಾತ್ರ ಹೇಳುತ್ತೇನೆ. ನಾನು ನಕ್ಷೆಗೆ ದಾರಿಗಳನ್ನು ಸೇರಿಸುವ ಸ್ವಯಂಸೇವಕ. ಎಷ್ಟೋ ಗೆರೆಗಳನ್ನು ಯಾರೂ ನಡೆದು ನೋಡಿರುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಕಂಡದ್ದನ್ನು, ಇಲ್ಲವೇ ಹಳೇ ನಕ್ಷೆಯಲ್ಲಿ ಇದ್ದದ್ದನ್ನು ಕೂತಲ್ಲೇ ಎಳೆದಿರುತ್ತಾರೆ. ಗೆರೆ ಇಪ್ಪತ್ತು ಮೂವತ್ತು ಮೀಟರ್ ಆಚೀಚೆ ಆಗಿರಬಹುದು. ಕಡಿದಾದ ಗುಡ್ಡದಲ್ಲಿ ಇಪ್ಪತ್ತು ಮೀಟರ್ ಅಂದರೆ ದಾರಿಗೂ ಪ್ರಪಾತಕ್ಕೂ ಇರುವ ದೂರ. "ಇಲ್ಲೊಂದು ದಾರಿ ಇತ್ತು" ಅನ್ನುವ ಸುಳಿವು ಅಂತ ಮಾತ್ರ ಅದನ್ನು ತೆಗೆದುಕೊಳ್ಳಿ. ಸಿಗ್ನಲ್ ಇಲ್ಲದಾಗಲೂ ತೆರೆಯುವ ಹಾಗೆ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಮತ್ತೆ, ಆ ಗುಡ್ಡ ಯಾರದ್ದು ಅಂತ ಕೇಳಿಕೊಳ್ಳಿ. ಕಡಲಂಚಿನ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಫ್ರಾನ್ಸಿನಲ್ಲಿ 1976ರ ಕಾನೂನಿನ ಪ್ರಕಾರ ಕಡಲಂಚಿನ ಖಾಸಗಿ ಜಾಗದಲ್ಲೂ ನಡೆಯುವವರಿಗೆ 3 ಮೀಟರ್ ಅಗಲದ ಪಟ್ಟಿ ಬಿಡಬೇಕು. ಎಲ್ಲ ಕಡೆಯೂ ಹಾಗಿಲ್ಲ.

ಹಳೇಚಪ್ಪಲಿ

ಮುಂಜಾವು ಅವರೇ, ಆ ಸವೆದ ಮೆಟ್ಟಿಲಿನ ಮಾತು ಓದಿ ತುಂಬಾ ಖುಷಿಯಾಯಿತು. ನೀವು ಸರಿಯಾದ ಕಡೆಯಿಂದಲೇ ಶುರು ಮಾಡಿದ್ದೀರಿ. ನಾನು ಇಪ್ಪತ್ತು ವರ್ಷದಿಂದ ಇಂಥ ಮುಚ್ಚಿದ ದಾರಿಗಳಲ್ಲೇ ನಡೆಯುವವನು. ನನಗೆ ಗೊತ್ತಿರುವ ಒಂದೇ ಗುಟ್ಟು ಹೇಳುತ್ತೇನೆ. ದಾರಿಯನ್ನು ಹುಡುಕಬೇಡಿ, ಆ ದಾರಿಯಲ್ಲಿ ನಡೆಯುತ್ತಿದ್ದ ಕೆಲಸವನ್ನು ಹುಡುಕಿ.

ನೋಡಲು ಚೆಂದ ಅಂತ ಹಳ್ಳಿಯಲ್ಲಿ ಯಾರೂ ದಾರಿ ಮಾಡಿರುವುದಿಲ್ಲ. ನೀರು ತರಲು, ಸೌದೆ ತರಲು, ಮೇಯಿಸಲು, ದೋಣಿ ಬಂತಾ ಅಂತ ಮೇಲಿನಿಂದ ನೋಡಲು, ಆಚೆ ದಂಡೆಯಲ್ಲಿ ಬಲೆ ಎಳೆಯಲು ಹೀಗೆ ಏನೋ ಒಂದು ಇರುತ್ತದೆ. ಆ ಕೆಲಸ ಯಾವತ್ತು ನಿಂತಿತೋ ಅವತ್ತಿನಿಂದ ದಾರಿ ಮುಚ್ಚಲು ಶುರು. ಮನೆಗೆ ನಲ್ಲಿ ಬಂದರೆ ಒರತೆಯ ದಾರಿ ಸಾಯುತ್ತದೆ. ದೋಣಿಗೆ ಎಂಜಿನ್ ಬಂದರೆ ಗುಡ್ಡ ಹತ್ತಿ ಆಚೆ ದಂಡೆಗೆ ಹೋಗುವ ದಾರಿ ಸಾಯುತ್ತದೆ. ಎರಡೇ ಮಳೆಗಾಲ ಸಾಕು, ಗಿಡ ಅದನ್ನು ನುಂಗಿಬಿಡುತ್ತದೆ.

ಆದ್ದರಿಂದಲೇ "ಆ ಕಡೆ ದಾರಿ ಇದೆಯಾ" ಅಂತ ಕೇಳಿದರೆ "ಇಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಇವತ್ತು ದಾರಿ ಇಲ್ಲ, ಅಷ್ಟೇ. "ಮುಂಚೆ ನೀರಿಗೆ ಎಲ್ಲಿಗೆ ಹೋಗ್ತಿದ್ರಿ?" ಅಂತ ಕೇಳಿ. ಊರಿನ ಅತಿ ಹಿರಿಯ ಹೆಂಗಸನ್ನೇ ಕೇಳಿ. ಗಂಡಸರಿಗೆ ಕಡಲಿನ ದಾರಿ ಗೊತ್ತಿದ್ದರೂ ಗುಡ್ಡದ ದಾರಿ ಹೆಂಗಸರಿಗೇ ಜಾಸ್ತಿ ಗೊತ್ತಿರುತ್ತದೆ. ನಾನು ಹೋದ ಮುಕ್ಕಾಲು ಪಾಲು ಕಡೆ ಹೀಗೇ ಆಗಿದೆ.

ಫ್ರಾನ್ಸಿನ ಬ್ರಿಟನಿ ಕಡಲತೀರದಲ್ಲಿ ಜಿ.ಆರ್. 34 ಅನ್ನುವ ಕಾಲುದಾರಿ ಇದೆ, 2000 ಕಿ.ಮೀ.ಗೂ ಉದ್ದ. ಅದು ಶುರುವಾದದ್ದು 1791ರಲ್ಲಿ, ಸುಂಕದ ಕಾವಲುಗಾರರು ಕಳ್ಳಸಾಗಣೆ ಹಿಡಿಯಲು ಹಗಲೂ ರಾತ್ರಿ ತಿರುಗುತ್ತಿದ್ದ ದಾರಿಯಾಗಿ. ಕಾವಲು ನಿಂತ ಮೇಲೆ ಅದೂ ಪೊದೆಯಲ್ಲಿ ಮುಚ್ಚಿಹೋಯಿತು. 1968ರಿಂದ ತುಂಡು ತುಂಡಾಗಿ ಮತ್ತೆ ಬಿಡಿಸಿದರು. ಇಂಗ್ಲೆಂಡಿನ ನೈಋತ್ಯ ಕಡಲತೀರದ 1,014 ಕಿ.ಮೀ. ದಾರಿಯ ಕಥೆಯೂ ಇದೇ. ಆ ದಾರಿ ಯಾಕೆ ಪ್ರತಿ ಸಣ್ಣ ಕೊಲ್ಲಿಗೂ ಬಾಗುತ್ತದೆ ಗೊತ್ತಾ? ಕಾವಲುಗಾರ ಪ್ರತಿ ಕೊಲ್ಲಿಯೊಳಗೂ ಇಣುಕಿ ನೋಡಬೇಕಿತ್ತು. ಕೆಲಸ ಗೊತ್ತಾದರೆ ದಾರಿ ಎಲ್ಲಿ ತಿರುಗುತ್ತದೆ ಅನ್ನುವುದೂ ತಾನಾಗೇ ಗೊತ್ತಾಗುತ್ತದೆ.

ಎಲ್ಲ ದಾರಿಯೂ ದುಡಿಮೆಯದ್ದೇ ಅಲ್ಲ, ಕೆಲವು ಜೀವ ಉಳಿಸಿಕೊಳ್ಳಲು ಹತ್ತಿದ ದಾರಿಗಳು. ಜಪಾನಿನ ಅನೆಯೋಶಿ ಅನ್ನುವ ಹಳ್ಳಿಯಲ್ಲಿ 1933ರ ಸುನಾಮಿ ಆದಮೇಲೆ "ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ" ಅಂತ ಕಲ್ಲು ನೆಟ್ಟರು. ಜನ ಆ ಮಾತು ಕೇಳಿದರು. 2011ರ ಅಲೆ ಆ ಕಲ್ಲಿನ ಕೆಳಗೇ ನಿಂತಿತು, ಮೇಲಿದ್ದ ಮನೆಗಳು ಉಳಿದವು. ಕಡಲೂರಿನಲ್ಲಿ ದಂಡೆಯಿಂದ ನೇರ ಮೇಲಕ್ಕೆ ಹೋಗುವ ಮೆಟ್ಟಿಲು ಕಂಡರೆ ನನಗೆ ಯಾವಾಗಲೂ ಈ ಊರು ನೆನಪಾಗುತ್ತದೆ.

ಇನ್ನು ಕಣ್ಣಿನಿಂದ ಗುರುತಿಸುವುದು. ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ ದೂರದಿಂದ ಗುಡ್ಡ ನೋಡಿ. ಓರೆ ಬಿಸಿಲಿಗೆ ತಗ್ಗುಗಳಲ್ಲಿ ನೆರಳು ನಿಲ್ಲುತ್ತದೆ. ನಡೆದು ನಡೆದು ತಗ್ಗಾದ ದಾರಿ ಆಗ ಗುಡ್ಡದ ಮೇಲೆ ಕಪ್ಪು ದಾರದ ಹಾಗೆ ಕಾಣುತ್ತದೆ. ಬಿಸಿಲು ಏರಿದ ಮೇಲೆ ಅದೇ ಜಾಗ ನೋಡಿದರೆ ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಾದರೆ ಹುಲ್ಲಿನ ಬಣ್ಣ ನೋಡಿ. ತಗ್ಗಿನಲ್ಲಿ ತೇವ ನಿಲ್ಲುವುದರಿಂದ ಅಲ್ಲಿ ಮಾತ್ರ ಹಸಿರು ಉಳಿದಿರುತ್ತದೆ.

ಪೊದೆಯೊಳಗೆ ಜಾಡು ಸಿಕ್ಕರೆ ಬಗ್ಗಿ ನೋಡಿ. ಮಂಡಿಯ ಕೆಳಗೆ ತೆರೆದಿದ್ದು ಸೊಂಟದ ಮಟ್ಟದಲ್ಲಿ ಕೊಂಬೆ ಹೆಣೆದುಕೊಂಡಿದ್ದರೆ ಅದು ಮೇಕೆಯದ್ದೋ ಕಾಡುಪ್ರಾಣಿಯದ್ದೋ ಜಾಡು. ಅದನ್ನು ಹಿಡಿದು ಹೋದರೆ ಎಲ್ಲಿಗೂ ತಲುಪುವುದಿಲ್ಲ. ಮನುಷ್ಯರ ದಾರಿಯಲ್ಲಿ ಅಗಲ ಇರುತ್ತದೆ, ಏರು ಹದವಾಗಿರುತ್ತದೆ. ತಲೆ ಮೇಲೆ ಹೊರೆ ಹೊತ್ತವರು ಕಡಿದಾದ ಏರನ್ನು ನೇರವಾಗಿ ಹತ್ತುವುದಿಲ್ಲ, ಬಳಸುತ್ತಾರೆ. ಹಾಗೆ ಬಳಸುವ ಕಡೆ ಎದೆಮಟ್ಟದ ಚಪ್ಪಟೆ ಬಂಡೆ ಇದ್ದರೆ ಅಲ್ಲಿ ಹೊರೆ ಇಳಿಸುತ್ತಿದ್ದರು ಅಂತ ತಿಳಿಯಿರಿ. ನಿಮ್ಮ ದೊಡ್ಡ ಬಂಡೆಯ ಮೇಲ್ಭಾಗ ಹೇಗಿದೆ? ಕೈಯಿಂದ ಸವರಿ ನೋಡಿ.

ಕತ್ತಿ ಬೇಡ. ಇಳಿಜಾರಿನ ಮಣ್ಣನ್ನು ಹಿಡಿದಿರುವುದೇ ಆ ಪೊದೆ. ಮರಳಿನ ಕಡೆಯಂತೂ ಒಂದು ಬಳ್ಳಿಯನ್ನೂ ಕೀಳಬೇಡಿ. ಬಿಸಿನಾಡುಗಳ ಕಡಲತೀರದಲ್ಲೆಲ್ಲ ಹಬ್ಬುವ ಅಡುಂಬು ಬಳ್ಳಿ ಮರಳು ಗಾಳಿಗೆ ಹಾರದಂತೆ ತಡೆಯುತ್ತದೆ. ಒಣಗಿದ ಕಡ್ಡಿ ಮುರಿಯಿರಿ, ಹಸಿ ಕೊಂಬೆಯನ್ನು ಕೈಯಿಂದ ಸರಿಸಿ. ಅಷ್ಟರಲ್ಲಿ ದಾಟಲು ಆಗದಿದ್ದರೆ ಬಹುಶಃ ದಾರಿ ಅದಲ್ಲ.

ಮುಂಜಾವು

ಮೂವರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಆದಮೇಲೆ ಬರೆಯುತ್ತಿದ್ದೇನೆ, ಯಾಕೆಂದರೆ ಹೇಳಲು ತುಂಬಾ ಇದೆ.

ಉಪ್ಪುಗಾಳಿ ಅವರೇ, ಮಾರನೇ ದಿನವೇ ಬಂಡೆಗಳ ಹತ್ತಿರ ಹೋದೆ. ಬಿಳಿ ಚಿಪ್ಪಿನ ಗೆರೆ ನನ್ನ ಹಣೆಯ ಮಟ್ಟಕ್ಕಿತ್ತು. ನಾನು ಕಾಲಿಡಬೇಕು ಅಂದುಕೊಂಡಿದ್ದ ಬಂಡೆಗಳೆಲ್ಲ ಅದರ ಕೆಳಗೇ. ಅಲ್ಲೇ ದಂಡೆಯಲ್ಲಿ ಕೂತು ಗಡಿಯಾರ ನೋಡುತ್ತಾ ಇದ್ದೆ. ಮೊದಲ ಗಂಟೆ ನಿಜವಾಗಿಯೂ ಏನೂ ಆಗಲಿಲ್ಲ. ಮೂರನೇ ಗಂಟೆಯಲ್ಲಿ ಕಣ್ಣೆದುರೇ ಒಂದೊಂದೇ ಬಂಡೆ ಮುಳುಗಿತು. ಮೈ ಜುಮ್ಮೆಂದಿತು. ಆ ಯೋಚನೆ ಬಿಟ್ಟೆ.

ಹಳೇಚಪ್ಪಲಿ ಅವರೇ, ಕೊನೆಯ ಮನೆಯಲ್ಲೇ ಒಬ್ಬರು ಅಜ್ಜಿ ಇದ್ದಾರೆ. ಮೊದಲು "ದಾರಿ ಇಲ್ಲ" ಅಂದ ಮೂವರಲ್ಲಿ ಅವರೂ ಒಬ್ಬರು. ಈ ಸಲ ನೀವು ಹೇಳಿದ ಹಾಗೇ ಕೇಳಿದೆ. "ಅಜ್ಜೀ, ನಲ್ಲಿ ಬರೋಕೆ ಮುಂಚೆ ನೀರಿಗೆ ಎಲ್ಲಿಗೆ ಹೋಗ್ತಿದ್ರಿ?" ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡಿದರು. "ನೀರಿಗಾ? ಮೇಲಿನ ಒರತೆಗೆ. ದಿನಕ್ಕೆ ನಾಲ್ಕು ಸಲ ಹೋಗಿದ್ದೀನಿ ಮಗಾ, ಬಸುರಿಯಾಗಿದ್ದಾಗಲೂ ಹೋಗಿದ್ದೀನಿ. ಬಂಡೆ ಸಿಕ್ಕಿತಲ್ಲ, ಅದರ ಎಡಕ್ಕೆ ಬಳಸಿ ಹೋಗು. ಬಲಕ್ಕೆ ಹೋದ್ರೆ ಬರೀ ಮುಳ್ಳು." ನಾನು ಎರಡು ಸಲವೂ ನುಗ್ಗಿದ್ದು ಬಲಕ್ಕೇ.

ನಿನ್ನೆ ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೊರಟೆ. ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಅಜ್ಜಿಗೆ ಹೇಳಿದ್ದೆ. ಬಂಡೆಯ ನೆತ್ತಿಯನ್ನು ಕೈಯಿಂದ ಸವರಿದೆ. ಸುತ್ತಲೂ ಒರಟು, ನಡುವೆ ಒಂದು ಮೊಳ ಅಗಲ ನುಣುಪು. ತುಂಬಿದ ಕೊಡಗಳನ್ನು ಇಳಿಸಿ ಇಳಿಸಿ ಆದ ನುಣುಪು! ಎಷ್ಟೋ ಹೊತ್ತು ಕೈ ಅಲ್ಲೇ ಇಟ್ಟು ನಿಂತಿದ್ದೆ.

ಎಡಕ್ಕೆ ಬಳಸಿದರೆ ಪೊದೆ ಇದೆ, ಆದರೆ ತೆಳು. ಬಗ್ಗಿ, ಸರಿಸಿ, ನಿಂತು, ಮತ್ತೆ ಬಗ್ಗಿ ಹೋದೆ. ನಲವತ್ತು ನಿಮಿಷ ಆದಮೇಲೆ ಒದ್ದೆ ಮಣ್ಣಿನ ವಾಸನೆ ಬಂತು. ಒರತೆ ಸಿಕ್ಕಿತು. ಕಲ್ಲು ಕಟ್ಟಿದ ಒಂದು ಗುಂಡಿ, ಒಂದು ತೊಟ್ಟಿಲಿನಷ್ಟು ದೊಡ್ಡದು. ಎಲೆ ತುಂಬಿಕೊಂಡಿದೆ. ಎಲೆ ಸರಿಸಿದರೆ ಕೆಳಗೆ ನೀರು ಇನ್ನೂ ಉಕ್ಕುತ್ತಿದೆ. ತಳದ ಮರಳು ಸಣ್ಣಗೆ ಕುದಿಯುವ ಹಾಗೆ ಆಡುತ್ತಿತ್ತು. ಕುಡಿಯಲಿಲ್ಲ, ಮುಖ ತೊಳೆದೆ.

ಅಲ್ಲಿಂದ ಮೇಲೆ ಇನ್ನೊಂದು ಕವಲು ಗುಡ್ಡದ ತುದಿಗೆ ಹೋಗುತ್ತದೆ. ಆಚೆ ದಂಡೆ ಮೇಲಿನಿಂದ ಕಂಡಿತು. ಇಳಿಯುವ ದಾರಿ ಒಂದು ಕಡೆ ಕುಸಿದಿದೆ, ಅಂಚಿನ ಉದ್ದಕ್ಕೂ ಬೆರಳು ಹೋಗುವಷ್ಟು ಬಿರುಕು ಇದೆ. ಇಳಿಯಲಿಲ್ಲ. ಇಳಿಯದೇ ಬಂದದ್ದು ಸರಿ ತಾನೇ? ಇನ್ನೊಂದು ಪ್ರಶ್ನೆ. ಈ ದಾರಿಯ ಜಾಡನ್ನು ಫೋನಿನಲ್ಲಿ ದಾಖಲಿಸಿದ್ದೇನೆ. ನಕ್ಷೆಗೆ ಹಾಕಲಾ?

ಉಪ್ಪುಗಾಳಿ

ಇಳಿಯದೇ ಬಂದದ್ದು ನೂರಕ್ಕೆ ನೂರು ಸರಿ. ಅಂಚಿಗೆ ಸಮವಾಗಿ ಬಿರುಕು ಇದ್ದರೆ ಆ ತುಂಡು ಆಗಲೇ ಗುಡ್ಡದಿಂದ ಬಿಟ್ಟುಕೊಂಡಿದೆ ಅಂತ ಅರ್ಥ. ಕೆಳಗೆ ಅಲೆ ಕೊರೆದು ಪೊಳ್ಳಾಗಿದ್ದರೂ ಮೇಲೆ ಹುಲ್ಲು ಇದ್ದು ನೆಲ ಗಟ್ಟಿ ಅನ್ನಿಸುತ್ತದೆ. ಮಳೆಯಾದ ಮೇಲಂತೂ ಆ ತುದಿಗೆ ಹೋಗಲೇಬೇಡಿ.

ಆಚೆ ದಂಡೆಯಲ್ಲಿ ಜನ ಓಡಾಡದೆ ವರ್ಷಗಳಾಗಿವೆ. ಅಂಥ ಕಡೆ ಹಕ್ಕಿಗಳು ಬರೀ ಮರಳಿನ ಮೇಲೆ ಮೊಟ್ಟೆ ಇಟ್ಟಿರುತ್ತವೆ. ಕಲ್ಲಿನ ಬಣ್ಣವೇ ಮೊಟ್ಟೆಗೂ ಇರುತ್ತದೆ, ಕಾಲ ಕೆಳಗೆ ಇದ್ದರೂ ಕಾಣುವುದಿಲ್ಲ. ನಿಮ್ಮ ಊರಿನ ದಂಡೆಯಲ್ಲೂ ಒಂದು ಸಣ್ಣ ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ನಿಮ್ಮ ಮುಂದೆ ಓಡಿದರೆ, ಅದಕ್ಕೆ ಪೆಟ್ಟಾಗಿಲ್ಲ. ಗೂಡಿನಿಂದ ನಿಮ್ಮನ್ನು ದೂರ ಕರೆದೊಯ್ಯುತ್ತಿದೆ. ನಿಂತು, ಬಂದ ಹೆಜ್ಜೆಯ ಮೇಲೇ ಹಿಂದಕ್ಕೆ ಹೋಗಿ. ರಾತ್ರಿ ದಂಡೆಯಲ್ಲಿ ಟಾರ್ಚ್ ಹಚ್ಚಬೇಡಿ. ಮೊಟ್ಟೆಯಿಂದ ಹೊರಬಂದ ಆಮೆಮರಿಗಳು ಬೆಳಕಿನ ಕಡೆ ಹೋಗುತ್ತವೆ, ಕಡಲಿನ ದಿಕ್ಕು ತಪ್ಪುತ್ತವೆ.

ನಕ್ಷೆಪೆಟ್ಟಿಗೆ

ದಯವಿಟ್ಟು ಹಾಕಬೇಡಿ. ನಕ್ಷೆ ಮಾಡುವವನೇ ಹೀಗೆ ಹೇಳುತ್ತಿದ್ದೇನೆ. ಕುಸಿದ ಇಳಿಜಾರಿಗೆ ಗೆರೆ ಎಳೆದರೆ ನಾಳೆ ಅದನ್ನು ನಂಬಿ ಇನ್ನೊಬ್ಬರು ಇಳಿಯುತ್ತಾರೆ. ಒರತೆಯವರೆಗಿನ ದಾರಿಯನ್ನು ತೋರಿಸಬೇಕೋ ಬೇಡವೋ ಅನ್ನುವುದು ಊರಿನವರಿಗೆ ಬಿಟ್ಟದ್ದು. ಮೊದಲು ಅಜ್ಜಿಯನ್ನು ಕೇಳಿ. ಆ ಹಳೇ ಚುಕ್ಕೆ ಗೆರೆಯ ಮೇಲೆ ಮಾತ್ರ "ಇಳಿಜಾರು ಕುಸಿದಿದೆ, ದಾಟಲು ಆಗುವುದಿಲ್ಲ" ಅಂತ ಟಿಪ್ಪಣಿ ಹಾಕಿ. ಅದರಿಂದ ಒಂದು ಕಾಲಾದರೂ ಉಳಿಯಬಹುದು.

ಮುಂಜಾವು

ಟಿಪ್ಪಣಿ ಹಾಕಿದೆ. ಜಾಡನ್ನು ಫೋನಿನಲ್ಲೇ ಉಳಿಸಿಕೊಂಡಿದ್ದೇನೆ, ಎಲ್ಲೂ ಹಾಕುವುದಿಲ್ಲ.

ಅಜ್ಜಿಯನ್ನು ಕೇಳಿದೆ. ನಕ್ಷೆಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ. "ನೀರು ಇನ್ನೂ ಇದೆಯಾ?" ಅಂತ ಮೂರು ಸಲ ಕೇಳಿದರು. ಫೋಟೋ ತೋರಿಸಿದರೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಗುಂಡಿಯ ಬಲಗಡೆಯ ಕಲ್ಲಿನ ಮೇಲೆ ಬೆರಳಿಟ್ಟು "ಇದು ಅಲ್ಲಾಡ್ತಿತ್ತು, ಈಗಲೂ ಅಲ್ಲಾಡ್ತದಾ?" ಅಂದರು. ನಾನು ಅದನ್ನು ಮುಟ್ಟಿ ನೋಡಿರಲಿಲ್ಲ. ಅವರಿಗೆ ಮಂಡಿ ನೋವು, ಮೇಲೆ ಬರಲು ಆಗುವುದಿಲ್ಲ. ನಾಳೆ ಬೆಳಿಗ್ಗೆ ಅವರ ಮೊಮ್ಮಗಳು ನನ್ನ ಜೊತೆ ಬರುತ್ತಾಳಂತೆ. ಎಲೆ ತೆಗೆದು ಗುಂಡಿ ಚೊಕ್ಕ ಮಾಡಿ, ಆ ಕಲ್ಲು ಅಲ್ಲಾಡುತ್ತದಾ ಅಂತ ನೋಡಿಕೊಂಡು, ಒಂದು ಬಾಟಲಿ ನೀರು ತುಂಬಿಸಿಕೊಂಡು ಬರಬೇಕು ಅಂತ ಅಜ್ಜಿಯ ಅಪ್ಪಣೆ ಆಗಿದೆ.